ಬೇಸ್‌ಬಾಲ್ ಮೈದಾನದ ಬನ್ನಿ ಗಿಡ

ಅಲ್ ಐನ್
9 ಫೆಬ್ರುವರಿ 2025

ಲಿಯೋ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ, ಅದಕ್ಕೇ ಬರೀ ಹೆಸರು. ವಾಟ್ಸಪ್‌ನಲ್ಲಿ ನಿನ್ನನ್ನು ನಿನ್ನೆ ರಾತ್ರಿಯೇ ಬ್ಲಾಕ್ ಮಾಡಿದೆ. ಅಲ್ಲಿ ಬೈದರೆ ನೀನು ಕೈ ಮುಗಿಯುವ ಗೊಂಬೆ ಕಳಿಸಿ ಕೈ ತೊಳೆದುಕೊಳ್ಳುತ್ತೀ. ಕಾಗದವಾದರೆ ಕೊನೆಯತನಕ ಓದಲೇಬೇಕು. ನಿನ್ನ ತಂಗಿಯ ಮಗಳು ಸ್ಟೇಸಿ ರಜೆಗೆ ದುಬೈಗೆ, ಕರಾಮದ ನಿಮ್ಮ ಮನೆಗೆ ಬರುವಾಗ ಇದನ್ನು ತರುತ್ತಾಳೆ. ಇಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಮನೆಯಾಕೆ ಪಾರ್ವತೆವ್ವನಿಗೆ ಡಯಾಲಿಸಿಸ್ ಸೂಜಿ ಚುಚ್ಚುವವಳು ಅವಳೇ. ಚುಚ್ಚುವಾಗಲೂ ಅವಳ ಕಣ್ಣಲ್ಲಿ ನೀರಿರುತ್ತದೆ. ನಿಮ್ಮ ಮನೆತನದಲ್ಲಿ ಮನುಷ್ಯರೂ ಇದ್ದಾರೆ ಎಂದು ಅವಳಿಂದ ತಿಳಿಯಿತು.

ನಿನ್ನೆ ನಿಮ್ಮ ಪಾರ್ಕಿನ ಉದ್ಘಾಟನೆಗೆ ಬಂದಿದ್ದೆವು. ನೀನು ಕರೆದಿರಲಿಲ್ಲ. ನಮ್ಮ ಹಳೆಯ ಬೇಸ್‌ಬಾಲ್ ಮೈದಾನ ಪಾರ್ಕ್ ಆಯಿತಂತೆ ಎಂದು ಮಗಳು ಅಕ್ಷರಾ ಫೋನಿನಲ್ಲಿ ಓದಿ ಹೇಳಿದಳು. ಪಾರ್ವತೆವ್ವ ಇಳಕಲ್ ಸೀರೆ ಉಟ್ಟು ವ್ಹೀಲ್‌ಚೇರಿನಲ್ಲಿ ಕುಳಿತೇ ಬಿಟ್ಟಳು. ಅವಳ ಬನ್ನಿ ಗಿಡ ನೋಡಬೇಕಿತ್ತು ಅಷ್ಟೆ.

ಏನು ಪಾರ್ಕಪ್ಪಾ ಅದು. ನೆಲಕ್ಕೆಲ್ಲ ಪ್ಲಾಸ್ಟಿಕ್ ಹುಲ್ಲು. ಬ್ಯಾಟು ಬೀಸುತ್ತಿದ್ದ ಜಾಗದಲ್ಲಿ ಆನೆಯ ಗಾತ್ರದ ಫೈಬರ್ ಚೆಂಡು, ಅದರ ಮುಂದೆ ಫೋಟೋಕ್ಕೆ ಬಾಯಿ ಉಬ್ಬಿಸಿ ನಿಂತ ಜನ. ಗೋಡೆಯ ಮೇಲೆ ಮೈದಾನದ ಚರಿತ್ರೆ. ಓದಿದೆ. ‘ಎಂಬತ್ತರ ದಶಕದಲ್ಲಿ ಕಡಿಯಲು ಹೊರಟ ಈ ಘಾಫ್ ಮರವನ್ನು ಕ್ಲಬ್ಬಿನ ಯುವ ಸಿಬ್ಬಂದಿ ಶ್ರೀ ಲಿಯೋ ಅವರು ಉಳಿಸಿದರು.’ ನಮ್ಮ ಬನ್ನಿಯೇ ಇಲ್ಲಿಯವರಿಗೆ ಘಾಫ್. ಕೆಳಗೆ ನಿನ್ನ ಹೆಸರಿನ ಬೆಂಚು. ಪಾರ್ವತೆವ್ವನ ಹೆಸರು ಎಲ್ಲಾದರೂ ಇದೆಯೇ ಎಂದು ಗೋಡೆಯ ಆ ತುದಿಯವರೆಗೆ ಹುಡುಕಿದೆ. ಕಾಫಿ ಅಂಗಡಿಯ ಹೆಸರಿತ್ತು, ಅವಳದಿರಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಗಿಡದ ಸುತ್ತ ಹಗ್ಗ ಕಟ್ಟಿದ್ದರು. ಅವಳು ಕುರ್ಚಿಯಿಂದಲೇ ಬಾಗಿ ಒಂದು ಟೊಂಗೆಗೆ ಕೈ ಹಚ್ಚಿದಳು. ಸೆಕ್ಯುರಿಟಿಯವ ಓಡಿ ಬಂದು ಕೈ ಸರಿಸಿದ. ವೇದಿಕೆಯಿಂದ ನೀನೂ ಇಳಿದು ಬಂದೆ. ನಾನು, ಸದ್ಯ, ನಮ್ಮ ಲಿಯೋ ಬಂದ ಎಂದುಕೊಂಡೆ. ಪಕ್ಕದಲ್ಲಿದ್ದ ಕೋಟಿನವ ಇವರು ಯಾರು ಎಂದು ಕೇಳಿದ. ನೀನು ನಮ್ಮ ಮುಖ ನೋಡಿಕೊಂಡೇ ಹೇಳಿದೆ:

“ಗೊತ್ತಿಲ್ಲ ಸರ್. ವಿಸಿಟರ್ಸ್ ಇರಬೇಕು.”

ಕರಾಮದ ಆ ಒಂದು ಕೋಣೆಯಲ್ಲಿ ನನ್ನ ಮಗ್ಗುಲಲ್ಲಿ ಮಲಗಿ ಗೊರಕೆ ಹೊಡೆದವನು ನೀನು. ಪಾರ್ವತೆವ್ವ ಬಂದ ಮೇಲೆ ಅವಳ ಕೈಯ ಜೋಳದ ರೊಟ್ಟಿ ತಿಂದು ಕೊಬ್ಬಿದವನು. ಥೂ. ಬೇರೆ ಮಾತು ಬರುವುದಿಲ್ಲ.

ತಿರುಗಿ ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ನಾನು ನಿನ್ನನ್ನು ಬೈಯುತ್ತಿದ್ದೆ. ಅವಳು ಬೆರಳ ತುದಿಗಳನ್ನು ಒಂದಕ್ಕೊಂದು ತಿಕ್ಕುತ್ತ ಕುಳಿತಿದ್ದಳು.

ಅಡಿವೆಪ್ಪ


ಕರಾಮ, ದುಬೈ
2 ಮಾರ್ಚ್ 2025

ಅಡಿವೆಪ್ಪಣ್ಣ,

ನಿಮ್ಮ ಕಾಗದ ಓದಿ ಬೆಟ್ಟಿ ಅತ್ತಳು. ನನಗೆ ಬಿ.ಪಿ. ಏರಿತು. ಗಂಡ ಹೆಂಡತಿ ಇಬ್ಬರಿಗೂ ಅವತ್ತು ಊಟ ಸೇರಲಿಲ್ಲ, ಮೀನು ಫ್ರಿಜ್ಜಿಗೆ ಹೋಯಿತು.

ನೀವು ಬೈದದ್ದು ಸರಿ. ಆದರೆ ನನ್ನ ಕಡೆಯಿಂದಲೂ ಸ್ವಲ್ಪ ನೋಡಿ ಮಾರಾಯ್ರೇ. ನನಗೆ ವಯಸ್ಸಾಯಿತು, ಮಗ ಶರ್ವಿನ್‌ನ ವೀಸಾದ ಮೇಲೆ ಇಲ್ಲಿ ಇದ್ದೇನೆ. ಮೈದಾನವನ್ನು ಬಲ್ಲ ಹಳಬರು ಯಾರಾದರೂ ಇದ್ದಾರಾ ಎಂದು ಆ ಪಾರ್ಕಿನವರು ನಮ್ಮ ಅಸೋಸಿಯೇಶನ್ನಿಗೆ ಕೇಳಿದರು. ಎಲ್ಲರೂ ನನ್ನನ್ನು ತೋರಿಸಿದರು. ನಾನು ಎಲ್ಲ ಹೇಳಿದ್ದೇನೆ, ಪಾರ್ವತಕ್ಕನ ಹೆಸರನ್ನೂ ಹೇಳಿದ್ದೇನೆ. ಬರೆಯುವ ಹುಡುಗಿಗೆ ಆ ಹೆಸರು ಬರೆಯಲಿಕ್ಕೆ ಆಗಲಿಲ್ಲ. ಒಬ್ಬರ ಹೆಸರು ಸಾಕು, ಗೋಡೆಯಲ್ಲಿ ಜಾಗ ಇಲ್ಲ ಅಂದಳು. ನಾನು ಎಂತ ಮಾಡುವುದು? ನನ್ನ ಹೆಸರು ಸಣ್ಣದು.

ಗುರುತಿಲ್ಲ ಅಂದದ್ದು ತಪ್ಪೇ. ಬಾಯಿಗೆ ಬಂತು, ಬಿದ್ದು ಹೋಯಿತು. ಆ ಮರದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು ಉಂಟು, ಯಾರೂ ಹತ್ತಿರ ಹೋಗುವ ಹಾಗಿಲ್ಲ. ಇಲ್ಲಿ ಈಗ ಘಾಫ್ ಅಂದರೆ ದೇಶದ ಮರ, ಕಡ್ಡಿ ಮುರಿದರೂ ಫೈನ್. ನೀವು ನಮ್ಮವರು ಎಂದು ಹೆಸರು ಹೇಳಿದ್ದರೆ ದಂಡ ನಿಮ್ಮ ತಲೆಗೆ ಬರುತ್ತಿತ್ತು.

ಅಲ್ಲದೆ ಅಣ್ಣ, ಅಲ್ ಐನ್‌ನಲ್ಲಿ ರಸ್ತೆ ರಸ್ತೆಗೂ ಘಾಫ್ ಉಂಟಲ್ಲ. ಪಾರ್ವತಕ್ಕನಿಗೆ ಅದೇ ಗಿಡ ಯಾಕೆ? ಅಷ್ಟು ದೂರ ಅವರನ್ನು ಮತ್ತೆ ಕರಕೊಂಡು ಬರಬೇಡಿ, ದಯವಿಟ್ಟು. ದಣಿಯುತ್ತಾರೆ.

ಬೆಟ್ಟಿ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದಾಳೆ.

ನಿಮ್ಮವನೇ ಆದ
ಲಿಯೋ


ಅಲ್ ಐನ್
20 ಮಾರ್ಚ್ 2025

ಲಿಯೋ,

ಉಪ್ಪಿನಕಾಯಿ ವಾಪಸ್ ಬಂದಿದೆ, ಮುಚ್ಚಳ ತೆಗೆದಿಲ್ಲ. ಕಿಡ್ನಿ ಹೋದವಳಿಗೆ ಉಪ್ಪಿನಕಾಯಿ ಕಳಿಸುವ ಬುದ್ಧಿ ಬೆಟ್ಟಿಯದಲ್ಲ, ನಿನ್ನದೇ.

ಅದೇ ಗಿಡ ಯಾಕೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ಆ ಕೋಟಿನವ ಕೇಳಿದ್ದರೆ ಸಿಟ್ಟು ಬರುತ್ತಿರಲಿಲ್ಲ. ನೀನು ಕೇಳಿದ್ದಕ್ಕೆ ಹೇಸಿಗೆಯಾಗುತ್ತದೆ. ನಿನ್ನ ಗೋಡೆಗೆ ಜಾಗ ಸಾಲಲಿಲ್ಲವಲ್ಲ, ನನ್ನ ಕಾಗದಕ್ಕೆ ಸಾಲುತ್ತದೆ. ಓದು.

ಡ್ರಿಲ್ಲಿಂಗ್ ಕಂಪೆನಿಯ ಅಮೆರಿಕದವರು ಆ ಮರಳಿನಲ್ಲಿ ಮೈದಾನ ಮಾಡಿದಾಗ ನೀನು ಸ್ಟೋರ್‌ಕೀಪರ್, ನಾನು ಫ್ಲಡ್‌ಲೈಟಿನ ಎಲೆಕ್ಟ್ರಿಷಿಯನ್. ಅವರ ಆಟಕ್ಕೆ ಓಡುವ ದಾರಿ ಕೆಂಪಗಿರಬೇಕು. ಹಡಗಿನಲ್ಲಿ ಒಡೆದು ಬಂದ ಮಂಗಳೂರು ಹಂಚನ್ನು ಪುಡಿ ಮಾಡಿಸಿ ನೀನು ಹಾಸಿದೆ. ಶುಕ್ರವಾರ ಸಂಜೆ ಆ ಕೆಂಪು ನೋಡಲೆಂದೇ ನಿಮ್ಮ ಕಡೆಯವರು ಬೇಲಿಯ ಹೊರಗೆ ಬಂದು ಕೂಡುತ್ತಿದ್ದರು. ಹೊರಗೆ, ನೆನಪಿರಲಿ. ಒಳಗೆ ಕಾಲಿಡಲು ನಮಗೆ ಕೆಲಸವಿರಬೇಕಿತ್ತು. ನಿನ್ನ ಗೋಡೆಯ ಮೇಲೆ ‘ಎಲ್ಲ ದೇಶದವರೂ ಕೂಡಿ ಆಡುತ್ತಿದ್ದರು’ ಎಂದು ಬರೆದಿದೆ. ಅದನ್ನು ಹೇಳುವಾಗ ನಿನ್ನ ನಾಲಿಗೆಗೆ ಏನೂ ಆಗಲಿಲ್ಲವೇ?

ಪಾರ್ವತೆವ್ವ ಮದುವೆಯಾಗಿ ಬಂದ ಮೊದಲ ವರ್ಷ ಮರಳು ನೋಡಿ ನೋಡಿ ಅತ್ತವಳು. ಒಂದು ಶುಕ್ರವಾರ ಕರೆದುಕೊಂಡು ಹೋದರೆ ಮೈದಾನದ ಎಡ ಮೂಲೆಯಲ್ಲಿ ಬೇಲಿಯ ಹೊರಗೆ ನಿಂತಿದ್ದ ಗಿಡ ನೋಡಿ “ಇದು ಬನ್ನಿ, ನಮ್ಮೂರ ಬನ್ನಿ” ಎಂದು ಓಡಿದಳು. ನಾನು ನಂಬಲಿಲ್ಲ. ಎಲೆ ಅದೇ, ಮುಳ್ಳು ಅದೇ. ಬೆರಳಿಗೆ ಚುಚ್ಚಿಸಿಕೊಂಡು ರಕ್ತ ತೋರಿಸಿ ನಕ್ಕಳು. ಆ ನಗು ಕಂಡ ಮೇಲೆಯೇ ಇವಳು ಇಲ್ಲಿ ಉಳಿಯುತ್ತಾಳೆ ಎಂಬ ಧೈರ್ಯ ನನಗೆ ಬಂದದ್ದು.

ಮರುವರ್ಷ ಮೈದಾನ ಹಿಗ್ಗಿಸಲು ಆ ಗಿಡ ಕಡಿಯಬೇಕೆಂದರು. ಬುಲ್ಡೋಜರ್ ಬಂದು ನಿಂತಿತ್ತು. ಅವಳು ಬಸುರಿ. ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ, ದಾರ ಸುತ್ತಿ, ಬುಡದಲ್ಲಿ ಕುಳಿತವಳು ಸಂಜೆಯವರೆಗೆ ಏಳಲಿಲ್ಲ. ನಾನು ಕೆಲಸ ಹೋಗುತ್ತದೆಂದು ಹೆದರಿ ಏಳು ಎಂದೆ. ಅವಳು ನನ್ನನ್ನು ನೋಡಲೂ ಇಲ್ಲ. ಕ್ಯಾಪ್ಟನ್ ಬಂದು ಇವಳು ಏನನ್ನುತ್ತಾಳೆ ಎಂದು ನಿನ್ನನ್ನು ಕೇಳಿದ. ಗೆಲ್ಲುತ್ತಿರುವಷ್ಟು ದಿನ ಕಾಲುಚೀಲ ಒಗೆಸದ ಮನುಷ್ಯ ಅವನು. ಅದು ಗೊತ್ತಿದ್ದೇ ನೀನು ಹೇಳಿದೆ, ಈ ಮರ ಕಡಿದ ತಂಡ ಮತ್ತೆ ಗೆಲ್ಲುವುದಿಲ್ಲವಂತೆ ಎಂದು. ಬೇಲಿಯನ್ನೇ ಬಗ್ಗಿಸಿ ಗಿಡ ಬಿಟ್ಟರು. ಚೆಂಡು ಗಿಡಕ್ಕೆ ಬಡಿದರೆ ಎರಡು ಬೇಸ್ ದೂರ ಓಡಬಹುದು ಎಂದು ಹೊಸ ನಿಯಮ ಮಾಡಿಕೊಂಡರು. ಅವತ್ತು ನಿನ್ನ ಸುಳ್ಳನ್ನು ನಾನೇ ಹೊಗಳಿದ್ದೆ. ಅದರ ರುಚಿ ಹತ್ತಿತೇನು?

ಕಂಪೆನಿ ಮುಚ್ಚಿ ಅವರು ಹೋದ ಮೇಲೆ ಅಲ್ಲಿ ನಮ್ಮ ಹುಡುಗರ ಕ್ರಿಕೆಟ್ಟು, ಲಗೋರಿ. ಆಮೇಲೆ ಲಾರಿ ನಿಲ್ಲಿಸಿದರು, ಕಸ ಸುರಿದರು. ಆದರೂ ನಾವು ಅಲ್ ಐನ್‌ಗೆ ಬರುವತನಕ ಪ್ರತಿ ದಸರೆಯ ಸಂಜೆ ಅವಳು ಹೋಗಿ ಎಲೆ ತಂದು ಎಲ್ಲರ ಕೈಗೆ ಕೊಡುತ್ತಿದ್ದಳು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅನ್ನಲೇಬೇಕು, ನಮ್ಮ ಕಡೆಯ ರೂಢಿ ಅದು. ನೀನು ಇಗರ್ಜಿಗೆ ಹೋಗಿ ಬಂದು ಅವಳ ಕೈಯಿಂದ ಬನ್ನಿ ಇಸಿದುಕೊಳ್ಳುತ್ತಿದ್ದೆ, ಪಾಕೀಟಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಈಗ ನನ್ನ ಮಾತು ಕೇಳು. ಡಾಕ್ಟರು ಮುಂದಿನ ವರ್ಷದ ಮಾತನ್ನೇ ಎತ್ತುತ್ತಿಲ್ಲ. ಈ ದಸರೆಗೆ ಅವಳ ಗಿಡದ ಒಂದು ಹಿಡಿ ಎಲೆ ಅವಳ ಕೈಗೆ ಬರಬೇಕು. ಗೋಡೆಯೂ ಬೇಡ, ಬೆಂಚೂ ಬೇಡ. ನೀನು ಆ ಪಾರ್ಕಿನವರ ಸಮಿತಿಯಲ್ಲಿದ್ದೀ. ಅನುಮತಿ ಕೇಳು. ಇಷ್ಟು ಮಾಡಿದರೆ ಉಳಿದದ್ದನ್ನು ಮರೆಯಲು ನೋಡುತ್ತೇನೆ.

ಅಡಿವೆಪ್ಪ


ಕರಾಮ
18 ಏಪ್ರಿಲ್ 2025, ಶುಭ ಶುಕ್ರವಾರ

ಅಡಿವೆಪ್ಪಣ್ಣ,

ಖಂಡಿತ ಕೇಳುತ್ತೇನೆ. ದಸರಾ ಇನ್ನೂ ದೂರ ಉಂಟಲ್ಲ. ಈ ಆಫೀಸಿನವರಿಗೆ ಬೇಗ ಹೇಳಿದರೆ ಮರೆತು ಬಿಡುತ್ತಾರೆ, ಸಮಯ ನೋಡಿ ಹೇಳಬೇಕು.

ಪಾರ್ವತಕ್ಕನಿಗೆ ನನ್ನ ನಮಸ್ಕಾರ. ಅವರ ಹೆಸರಿನಲ್ಲಿ ಇವತ್ತು ಮೊಂಬತ್ತಿ ಹಚ್ಚಿದ್ದೇನೆ.

ಲಿಯೋ


ಅಲ್ ಐನ್
1 ಜುಲೈ 2025

ಲಿಯೋ,

ಸ್ಟೇಸಿ ಕೈಯಲ್ಲಿ ಖರ್ಜೂರದ ಡಬ್ಬಿ ಬಂತು. ಉತ್ತರ ಬರಲಿಲ್ಲ. ಡಬ್ಬಿಯನ್ನು ವಾರ್ಡಿನ ಆಯಾಗಳಿಗೆ ಹಂಚಲು ಅವಳಿಗೇ ಕೊಟ್ಟೆ.

ಪಾರ್ವತೆವ್ವ ದಿನವೂ ಕೇಳುತ್ತಾಳೆ, ಲಿಯೋ ಎಲಿ ವಿಷಯ ಏನರೆ ಬರದಾನೇನು ಎಂದು. ಇಲ್ಲ ಅಂದರೆ “ಬರೀತಾನ, ತಡೀರಿ” ಅನ್ನುತ್ತಾಳೆ. ಅವಳಿಗೆ ನಿನ್ನ ಮೇಲಿರುವ ನಂಬಿಕೆ ಕಂಡರೆ ನನಗೆ ಮೈ ಉರಿಯುತ್ತದೆ. ಅಕ್ಷರಾ “ಲೀವ್ ಇಟ್ ಅಪ್ಪಾ, ಯಾವ ಗಿಡದ ಎಲೆ ಆದರೇನು” ಅನ್ನುತ್ತಾಳೆ. ಪಾಪ, ತಾನು ಹೊಟ್ಟೆಯಲ್ಲಿದ್ದಾಗ ತಾಯಿ ಎಲ್ಲಿ ಕುಳಿತಿದ್ದಳು ಎಂದು ಆ ಹುಡುಗಿಗೆ ಏನು ಗೊತ್ತು.

ಕೇಳಿದೆಯೋ ಇಲ್ಲವೋ? ಒಂದೇ ಸಾಲು ಬರೆ, ಸಾಕು.

ಅಡಿವೆಪ್ಪ


ಅಲ್ ಐನ್
24 ಆಗಸ್ಟ್ 2025

ಏ ಲಿಯೋ,

ಒಂದು ಸಾಲೂ ಬರಲಿಲ್ಲ. ನಾನೇ ಹೋಗಿ ಬಂದೆ.

ಅಕ್ಷರಾಳಿಗೆ ದುಬೈಯಲ್ಲಿ ಶಾಲೆಯ ತರಬೇತಿ ಇತ್ತು. ನಿನ್ನನ್ನು ನೋಡಲು ಹೋಗುತ್ತೇನೆಂದು ಸುಳ್ಳು ಹೇಳಿ ಪಾರ್ಕಿನ ಹತ್ತಿರ ಇಳಿದೆ. ನಡು ಮಧ್ಯಾಹ್ನ. ಆ ಬಿಸಿಲಿಗೆ ಒಂದು ನರಪಿಳ್ಳೆ ಇರಲಿಲ್ಲ, ಸೆಕ್ಯುರಿಟಿಯವನೂ ಎ.ಸಿ. ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡಿದ್ದ. ಪ್ಲಾಸ್ಟಿಕ್ ಹುಲ್ಲು ಕಾದು ಸುಟ್ಟ ಚಪ್ಪಲಿಯ ವಾಸನೆ ಹೊಡೆಯುತ್ತಿತ್ತು. ಕಾರಂಜಿಯಲ್ಲಿ ಯಾರೋ ಎಸೆದ ಕಾಫಿ ಲೋಟ, ಮಗುವಿನ ಡೈಪರ್ ತೇಲುತ್ತಿದ್ದವು. ನಿನ್ನ ಬೆಂಚಿನ ಮೇಲೆ ಪಾರಿವಾಳಗಳು ಹೇತಿದ್ದವು. ಅದೊಂದನ್ನು ನೋಡಿ ಖುಷಿಯಾಯಿತು.

ಹಗ್ಗ ದಾಟಿದೆ. ಒಂದು ಹಿಡಿ ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಓಡಬೇಕೆಂದಿದ್ದೆ. ಫೈನ್ ಹಾಕಿದರೆ ಹಾಕಲಿ. ಬುಡದಲ್ಲಿ ಒಂದೂ ಉದುರಿದ ಎಲೆಯಿಲ್ಲ. ಕಳೆದ ಸಲ ಎಷ್ಟು ಹಸಿರಿತ್ತೋ ಅಷ್ಟೇ ಹಸಿರು, ಈ ಬೇಸಗೆಯಲ್ಲೂ. ಟೊಂಗೆ ಹಿಡಿದು ಜಗ್ಗಿದೆ. ಎಲೆ ಬರಲಿಲ್ಲ, ಟೊಂಗೆಯೇ ಬಂತು. ತುದಿಯಲ್ಲಿ ಹಸಿರು ತಂತಿ. ಬೊಡ್ಡೆಗೆ ಬೆರಳು ಮಡಚಿ ಬಡಿದೆ. ಒಳಗೆ ಟೊಳ್ಳು. ತಿಕ್ಕಿದರೆ ಬಣ್ಣ.

ಟೊಂಗೆ ಹಿಡಿದುಕೊಂಡೇ ಕಾರಂಜಿಯ ಕಟ್ಟೆಯ ಮೇಲೆ ಕುಳಿತೆ ಲಿಯೋ.

ಎದುರಿಗೆ ನಿನ್ನ ಗೋಡೆ. ‘ಶ್ರೀ ಲಿಯೋ ಅವರು ಉಳಿಸಿದರು.’ ಉಳಿಸಿದ್ದೀಯಪ್ಪಾ, ಚೆನ್ನಾಗಿ ಉಳಿಸಿದ್ದೀ. ಗಿಡ ಎಲ್ಲಿ? ನಿನಗೆ ಯಾವಾಗಿನಿಂದ ಗೊತ್ತು? ಈ ಕಾಗದಕ್ಕೆ ಖರ್ಜೂರ ಕಳಿಸಿದರೆ ಅಲ್ಲಿಗೇ ಬಂದು ನಿನ್ನ ಬಾಗಿಲಿಗೆ ಎಸೆಯುತ್ತೇನೆ.

ಅಡಿವೆಪ್ಪ


ಕರಾಮ
12 ಸೆಪ್ಟೆಂಬರ್ 2025

ಅಡಿವೆಪ್ಪಣ್ಣ,

ಮರ ಹೋದ ವರ್ಷದ ಬೇಸಗೆಯಲ್ಲೇ ಸತ್ತದ್ದು.

ಕಾರಂಜಿಯ ಪೈಪಿಗೆ ಕಾಂಟ್ರಾಕ್ಟರ್ ಅಗೆಸಿದ, ಬೇರು ಕಡಿದು ಹೋಯಿತು. ಒಂದು ತಿಂಗಳಲ್ಲಿ ಒಣಗಿ ಕಡ್ಡಿ. ಆ ಮರ ಸತ್ತದ್ದು ಹೊರಗೆ ಗೊತ್ತಾದರೆ ಅವನಿಗೆ ದೊಡ್ಡ ದಂಡ. ಬಾಡಿ ಹೋದದ್ದನ್ನು ರಾತ್ರಿ ಸಾಗಿಸಿ, ಅದೇ ಅಳತೆಯ ಫೈಬರಿನದ್ದು ತಂದು ನಿಲ್ಲಿಸಿದ. ನಾನು ಗೋಡೆಯ ಬರಹ ನೋಡಲು ಹೋದಾಗ ಕಂಡೆ. ನನಗೆ ಗೊತ್ತಾಯಿತು ಎಂದು ಅವನಿಗೂ ಗೊತ್ತಾಯಿತು. ಆಮೇಲೆಯೇ ಬೆಂಚು ಬಂದದ್ದು. ಶರ್ವಿನ್ ಅವನ ಕಂಪೆನಿಯಲ್ಲೇ ಕೆಲಸಕ್ಕೆ ಇರುವುದು. ನಾನು ಬಾಯಿ ಬಿಟ್ಟರೆ ಮಗನ ಕೆಲಸ ಖಲಾಸ್, ವೀಸಾ ಖಲಾಸ್, ನಾವು ಮೂವರೂ ವಿಮಾನ ಹತ್ತಬೇಕು. ನೀವಾದರೆ ಎಂತ ಮಾಡುತ್ತಿದ್ದಿರಿ?

ಉದ್ಘಾಟನೆಯ ದಿನ ಪಾರ್ವತಕ್ಕ ಕೈ ಚಾಚಿದಾಗ ನನ್ನ ಜೀವ ಬಾಯಿಗೆ ಬಂತು. ಅವರಿಗೆ ಗೊತ್ತಾಗಬಾರದು ಅಂತ ಒಂದೇ ಇದ್ದದ್ದು ತಲೆಯಲ್ಲಿ. ನಂಬುವುದಾದರೆ ನಂಬಿ. ಬೆಂಚಿನ ಆಸೆಯೂ ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಇಷ್ಟು ವರ್ಷ ಈ ದೇಶದಲ್ಲಿ ಇದ್ದು ನನ್ನ ಹೆಸರು ವೀಸಾ ಕಾಗದದಲ್ಲಿ ಬಿಟ್ಟು ಬೇರೆ ಎಲ್ಲಿ ಉಂಟು ಹೇಳಿ?

ನಿಮ್ಮ ಕಾಲು ಹಿಡಿಯುತ್ತೇನೆ, ಪಾರ್ವತಕ್ಕನಿಗೆ ಹೇಳಬೇಡಿ. ಅವರ ಕಣ್ಣು ಮೊದಲಿನ ಹಾಗೆ ಇಲ್ಲ ಎಂದು ಸ್ಟೇಸಿ ಹೇಳುತ್ತಾಳೆ. ಅಲ್ಲಿಯದೇ ಒಂದು ಘಾಫ್‌ನ ಎಲೆ ಕೊಟ್ಟು, ಲಿಯೋ ಕಳಿಸಿದ, ನಿಮ್ಮ ಗಿಡದ್ದೇ ಅನ್ನಿ. ಅವರು ಸಂತೋಷದಲ್ಲಿ ಇರಲಿ. ಯಾರಿಗೂ ನಷ್ಟ ಇಲ್ಲ.

ಲಿಯೋ


ಅಲ್ ಐನ್
3 ಅಕ್ಟೋಬರ್ 2025

ಲಿಯೋ,

ನಿನ್ನೆ ವಿಜಯದಶಮಿ. ನೀನು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಮೊದಲು ಇದನ್ನು ಓದು, ಆಮೇಲೆ ಲಕೋಟೆಯ ಒಳಗಿನ ಪೊಟ್ಟಣ ಬಿಚ್ಚು.

ಹೇಳಬೇಕೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ಹೇಳಲೆಂದು ಹತ್ತಿರ ಹೋಗಿ ಅವಳ ದಿಂಬು ಸರಿಮಾಡಿ ಬರುತ್ತಿದ್ದೆ. ನಿನ್ನ ಮೇಲೆ ಎಷ್ಟು ಅಸಹ್ಯವಿತ್ತೋ ಅಷ್ಟೇ ನನ್ನ ಮೇಲೂ ಬಂತು. ಕೊನೆಗೆ ನಮ್ಮ ಮನೆಯ ಹಿಂದಿನ ಗೋಡೆಯಿಂದ ಈಚೆಗೆ ಚಾಚಿದ ಘಾಫ್‌ನ ಒಂದು ಸಣ್ಣ ಟೊಂಗೆ ಕಳ್ಳನ ಹಾಗೆ ಮುರಿದು ತಂದೆ. ಅವಳು ಡಯಾಲಿಸಿಸ್ ಮುಗಿಸಿ ಬಂದು, ಮುಖ ತೊಳೆದು, ಕುಂಕುಮ ಹಚ್ಚಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಅಕ್ಷರಾ, ಸ್ಟೇಸಿ ಇಬ್ಬರೂ ಇದ್ದರು. ಟೊಂಗೆಯನ್ನು ಅವಳ ಕೈಯಲ್ಲಿಟ್ಟು, ಲಿಯೋ ಕಳಿಸಿದ, ನಿನ್ನ ಗಿಡದ್ದೇ ಎಂದೆ. ನನ್ನ ದನಿ ನನಗೇ ನಿನ್ನ ದನಿಯ ಹಾಗೆ ಕೇಳಿಸಿತು.

ಅವಳು ಟೊಂಗೆಯ ಉದ್ದಕ್ಕೂ ಮೆಲ್ಲಗೆ ಬೆರಳು ಆಡಿಸಿದಳು. ಮುಳ್ಳು ತಾಗಿತು. ಬೆರಳು ತೆಗೆಯಲಿಲ್ಲ.

“ಇದರಾಗ ಮುಳ್ಳದಾವ,” ಎಂದಳು. “ಅವತ್ತ ನಾ ಮುಟ್ಟಿದ್ದಕ್ಕ ಇರಲಿಲ್ಲ.”

ಉದ್ಘಾಟನೆಯ ದಿನವೇ ಅವಳಿಗೆ ಗೊತ್ತಾಗಿತ್ತು ಲಿಯೋ. ನಮ್ಮೆಲ್ಲರಿಗಿಂತ ಮೊದಲು, ಆ ಒಂದು ಕ್ಷಣ ಕೈ ಹಚ್ಚಿದಾಗಲೇ. ಕಾರಿನಲ್ಲಿ ಬೆರಳು ತಿಕ್ಕುತ್ತ ಕುಳಿತದ್ದು ಅದಕ್ಕೇ. ನಾನು ಅವಳ ಹೆಸರಿಗಾಗಿ ನಿನ್ನನ್ನು ಬೈಯುತ್ತ ಗಾಡಿಯಲ್ಲಿ ಕೂಗಾಡುತ್ತಿದ್ದೆ. ಅವಳು ತನ್ನ ಗಿಡ ಸತ್ತದ್ದನ್ನು ಒಬ್ಬಳೇ ಇಟ್ಟುಕೊಂಡು ಕುಳಿತಿದ್ದಳು.

ಮತ್ತೆ ನೀನು ಯಾಕೆ ದಿನವೂ ಎಲೆ ಕೇಳುತ್ತಿದ್ದೆ ಎಂದೆ.

“ಯಾರರೆ ಒಬ್ಬರು ಖರೇ ಹೇಳ್ತೀರೇನಂತ ಕಾದೆ,” ಎಂದಳು. “ಲಿಯೋ ಹೇಳ್ತಾನ ಅನಕೊಂಡಿದ್ದೆ. ಅಂವ ಹೇಳಲಿಲ್ಲ. ನೀವು ಹೇಳ್ತೀರಿ ಅನಕೊಂಡೆ.”

ಸ್ಟೇಸಿ ಎದ್ದು ಹೊರಗೆ ಹೋದಳು. ಅಕ್ಷರಾ ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದಳು.

ಆಮೇಲೆ ಪಾರ್ವತೆವ್ವ ಎಲೆ ಬಿಡಿಸತೊಡಗಿದಳು. ಅಕ್ಷರಾಳಿಗೆ ಕೊಟ್ಟಳು, ಸ್ಟೇಸಿಯನ್ನು ಒಳಗೆ ಕರೆದು ಕೊಟ್ಟಳು, ಇಬ್ಬರಿಗೂ ಬಂಗಾರದಂಗ ಇರೋಣ ಎಂದಳು. ನನ್ನ ಕೈಯಲ್ಲೂ ಇಟ್ಟಳು. ನನಗೆ ಆ ಮಾತು ಅನ್ನಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅನ್ನದೆ ಬಿಟ್ಟ ದಸರಾ ಇದೊಂದೇ. ಎಲೆ ಹಿಡಿದುಕೊಂಡು ಕಾದೆ. ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಮುಳ್ಳಿದ್ದ ತುದಿಯೊಂದನ್ನು ಮಾತ್ರ ಎತ್ತಿಟ್ಟಿದ್ದಳು. ಇವತ್ತು ಬೆಳಿಗ್ಗೆ ಅದನ್ನು ನನಗೆ ಕೊಟ್ಟು ಹೇಳಿದಳು:

“ಲಿಯೋಗ ಕಳಸ್ರಿ. ಬನ್ನಿ ಕೊಡಲಾರದ ಇರಬಾರದು. ಬಂಗಾರದಂಗ ಇರೋಣ ಅಂತ ಮಾತ್ರ ಬರೀಬ್ಯಾಡ್ರಿ.”

ಬರೆದಿಲ್ಲ. ಪೊಟ್ಟಣದಲ್ಲಿದೆ. ಮುಳ್ಳು ಇದೆ, ನೋಡಿಕೊಂಡು ತೆಗೆ.

ಅಡಿವೆಪ್ಪ